‘ಮೊಬೈಲ್ ಡೇಟಾ ಆಫ್ ಮಾಡಿ’ ಎನ್ನುವ ಆ್ಯಪ್‌ಗಳಿಗೆ ಏನಾಗಿದೆ?

ಸ್ಮಾರ್ಟ್ ಪ್ಲಗ್, ಸೋಲಾರ್ ಇನ್ವರ್ಟರ್‌ನ ವೈಫೈ ಡಾಂಗಲ್ (ಇನ್ವರ್ಟರನ್ನು ನೆಟ್‌ಗೆ ಸೇರಿಸುವ ಪುಟ್ಟ ಸಾಧನ), ಕಾರಿನ ಡ್ಯಾಶ್‌ಕ್ಯಾಮ್, ಇಂಥದ್ದೇನಾದರೂ ತಂದಿದ್ದರೆ ಡಬ್ಬಿಯೊಳಗಿನ ಚೀಟಿ ನೋಡಿರುತ್ತೀರಿ. ಅದರಲ್ಲಿ ಎಲ್ಲೋ ಒಂದು ಕಡೆ ಹೀಗೆ ಬರೆದಿರುತ್ತದೆ: ಸೆಟಪ್ ಮುಗಿಯುವವರೆಗೆ ಮೊಬೈಲ್ ಡೇಟಾ ಆಫ್ ಮಾಡಿ. ಯಾಕೆ ಅಂತ ನಾವೂ ಕೇಳುವುದಿಲ್ಲ. ಆಫ್ ಮಾಡುತ್ತೇವೆ, ಸೆಟಪ್ ಆಗುತ್ತದೆ. ಮತ್ತೆ ಆನ್ ಮಾಡೋದು ಮರೆತು ಮನೆಯಿಂದ ಹೊರಟು, ಸಂಜೆ ತನಕ ಒಂದು ಮೆಸೇಜೂ ಬಂದಿಲ್ಲವಲ್ಲ ಅಂದುಕೊಳ್ಳುತ್ತಾ ಇರುತ್ತೇವೆ.

ನನ್ನ ಪ್ರಕಾರ ಆ ಸೂಚನೆಯನ್ನು ಬಳಕೆದಾರರಿಗೆ ಕೊಡಲೇಬಾರದು. ಅದು ಆ್ಯಪ್ ಬರೆದವರು ಕೋಡ್‌ನಲ್ಲಿ ಮಾಡಿ ಮುಗಿಸಬೇಕಿದ್ದ ಕೆಲಸ. ಆಂಡ್ರಾಯ್ಡ್ 5.0 ಬಂದ 2014ರಿಂದ ಅದಕ್ಕೆ ಬೇಕಾದ ಸೌಲಭ್ಯ ಇದೆ. ವಿಚಿತ್ರ ಅಂದರೆ, ಹೀಗೆ ಯಾವ ನೆಟ್‌ವರ್ಕ್ ಬಳಸಬೇಕು ಅಂತ ಖಡಾಖಂಡಿತವಾಗಿ ಹೇಳಬೇಕಾದ ಆ್ಯಪ್‌ಗಳು ಸುಮ್ನೆ ಕೂತಿರುತ್ತವೆ. ಆ ಗೋಜಿಗೇ ಹೋಗಬಾರದ ಆ್ಯಪ್‌ಗಳು, ಅಂದರೆ ನ್ಯೂಸ್, ಶಾಪಿಂಗ್, ಫುಡ್ ಡೆಲಿವರಿ ಥರದವು, ‘ವೈಫೈ ಇದೆಯಾ, ಡೇಟಾ ಇದೆಯಾ’ ಅಂತ ಹೆಜ್ಜೆಹೆಜ್ಜೆಗೂ ತಡಕಾಡಿ ತಪ್ಪು ತೀರ್ಮಾನ ಮಾಡುತ್ತವೆ.

ಮೊದಲು ಫೋನಿನ ಒಳಗೆ ಏನಿದೆ ನೋಡೋಣ. ನಮಗೆ ಕಾಣೋದು ಪರದೆಯ ಮೇಲ್ತುದಿಯಲ್ಲಿ ಒಂದು ವೈಫೈ ಗುರುತು, ಪಕ್ಕದಲ್ಲಿ 4ಜಿ ಅಥವಾ 5ಜಿ. ಒಳಗೆ ಅವು ಬೇರೆ ಬೇರೆ ನೆಟ್‌ವರ್ಕ್ ಇಂಟರ್‌ಫೇಸ್‌ಗಳು, ಅಂದರೆ ಡೇಟಾ ಹೋಗಿಬರುವ ಬೇರೆ ಬೇರೆ ದಾರಿಗಳು. ಆಂಡ್ರಾಯ್ಡ್‌ನಲ್ಲಿ ವೈಫೈಗೆ ಸಾಮಾನ್ಯವಾಗಿ ಡಬ್ಲ್ಯೂಲ್ಯಾನ್0 ಅಂತ ಹೆಸರು. ಮೊಬೈಲ್ ಡೇಟಾಗೆ ಕ್ವಾಲ್‌ಕಾಮ್ ಚಿಪ್ ಇದ್ದರೆ ಆರ್‌ಎಂನೆಟ್, ಮೀಡಿಯಾಟೆಕ್ ಆದರೆ ಸಿಸಿಎಂಎನ್‌ಐ. ವಿಪಿಎನ್ (ಡೇಟಾವನ್ನು ಗುಪ್ತವಾಗಿ ಇನ್ನೊಂದು ಸರ್ವರ್ ಮೂಲಕ ಸಾಗಿಸುವ ವ್ಯವಸ್ಥೆ) ಹಾಕಿದರೆ ಟನ್0 ಅಂತ ಇನ್ನೊಂದು ಹುಟ್ಟಿಕೊಳ್ಳುತ್ತದೆ. ಐಫೋನಿನಲ್ಲಿ ವೈಫೈ ಇಎನ್0, ಮೊಬೈಲ್ ಡೇಟಾ ಪಿಡಿಪಿ ಐಪಿ0. ಈ ಹೆಸರುಗಳನ್ನೇ ಹುಡುಕಿ ಕೋಡ್ ಬರೆಯುವವರೂ ಇದ್ದಾರೆ. ದಯವಿಟ್ಟು ಬೇಡ. ಒಂದು ಫೋನಿನಲ್ಲಿ ಕೆಲಸ ಮಾಡಿದ್ದು ಇನ್ನೊಂದು ಕಂಪನಿಯ ಫೋನಿನಲ್ಲಿ ಕೈಕೊಡಲು ಇಷ್ಟು ಸಾಕು.

ಇಷ್ಟು ದಾರಿಗಳಿದ್ದಾಗ ಆ್ಯಪ್‌ನ ಡೇಟಾ ಯಾವುದರಲ್ಲಿ ಹೋಗಬೇಕು? ಆ್ಯಪ್ ಏನೂ ಹೇಳದಿದ್ದರೆ ಆಪರೇಟಿಂಗ್ ಸಿಸ್ಟಂ ತಾನೇ ಒಂದನ್ನು ಡೀಫಾಲ್ಟ್ ಮಾಡಿಕೊಂಡಿರುತ್ತದೆ. ಅದು ಕಣ್ಣು ಮುಚ್ಚಿಕೊಂಡು ಮಾಡುವ ಆಯ್ಕೆ ಅಲ್ಲ. ವೈಫೈಗೆ ಸೇರಿದ ಕೂಡಲೇ ಆಂಡ್ರಾಯ್ಡ್ ಗೂಗಲ್‌ನ ಒಂದು ಪುಟ್ಟ ವಿಳಾಸಕ್ಕೆ ವಿನಂತಿ ಕಳಿಸುತ್ತದೆ. ಉತ್ತರವಾಗಿ 204 ಎಂಬ ಕೋಡ್, ಅಂದರೆ ಖಾಲಿ ಪುಟ, ಬಂದರೆ ಇಂಟರ್ನೆಟ್ ಇದೆ ಅಂತ ಲೆಕ್ಕ. ಬೇರೇನೋ ಪುಟ ಬಂದರೆ ಮಧ್ಯದಲ್ಲಿ ಯಾರೋ ಲಾಗಿನ್ ಕೇಳುತ್ತಿದ್ದಾರೆ ಅಂತ ಅರ್ಥ. ಏನೂ ಬರದಿದ್ದರೆ ಈ ವೈಫೈಗೆ ಹೊರಗಿನ ಸಂಪರ್ಕವೇ ಇಲ್ಲ. ಐಫೋನ್ ಕೂಡ ಆ್ಯಪಲ್‌ನ ಸರ್ವರ್‌ನಿಂದ ಒಂದು ಪುಟ ತರಿಸಿ, ಅದರಲ್ಲಿ ‘ಸಕ್ಸೆಸ್’ ಎಂಬ ಪದ ಇದೆಯಾ ನೋಡುತ್ತದೆ. ಹೀಗೆ ಪಾಸಾದ ನೆಟ್‌ವರ್ಕ್‌ಗೆ ಆಂಡ್ರಾಯ್ಡ್ ಭಾಷೆಯಲ್ಲಿ ‘ವ್ಯಾಲಿಡೇಟೆಡ್’ ಎಂಬ ಮುದ್ರೆ ಬೀಳುತ್ತದೆ. ವೈಫೈ ಫೇಲಾಗಿ ಮೊಬೈಲ್ ಡೇಟಾ ಪಾಸಾಗಿದ್ದರೆ, ವೈಫೈ ಕನೆಕ್ಟ್ ಆಗಿದ್ದರೂ ಡೇಟಾ ಹೋಗೋದು ಸಿಮ್‌ನಲ್ಲೇ.

ಈಗ ಆ ಸೋಲಾರ್ ಡಾಂಗಲ್‌ಗೆ ಬನ್ನಿ. ಅದು ತನ್ನದೇ ಒಂದು ವೈಫೈ ಹಾಟ್‌ಸ್ಪಾಟ್ ತೆರೆದು ಕಾಯುತ್ತಿರುತ್ತದೆ. ಅದರೊಳಗೆ ಇಎಸ್‌ಪಿ32 ಥರದ ಅಗ್ಗದ ಚಿಪ್ ಇದ್ದರೆ ಅದರ ಐಪಿ, ಅಂದರೆ ನೆಟ್‌ವರ್ಕ್‌ನಲ್ಲಿನ ವಿಳಾಸ, ಬಹುತೇಕ 192.168.4.1. ಇನ್‌ಸ್ಟಾಲ್ ಮಾಡಲು ಬಂದ ಹುಡುಗ ತಾರಸಿ ಮೇಲೆ ನಿಂತು ಫೋನನ್ನು ಆ ಹಾಟ್‌ಸ್ಪಾಟ್‌ಗೆ ಸೇರಿಸುತ್ತಾನೆ. ಫೋನ್ ತನ್ನ 204 ಪರೀಕ್ಷೆ ಮಾಡುತ್ತದೆ. ಡಾಂಗಲ್‌ಗೆ ಇಂಟರ್ನೆಟ್ ಎಲ್ಲಿಂದ ಬರಬೇಕು? ಪರೀಕ್ಷೆ ಫೇಲ್. ‘ಈ ವೈಫೈನಲ್ಲಿ ಇಂಟರ್ನೆಟ್ ಇಲ್ಲ’ ಅಂತ ಒಂದು ನೋಟಿಫಿಕೇಶನ್ ಬಂದು, ಅದು ಹತ್ತಾರು ಜಾಹೀರಾತುಗಳ ನಡುವೆ ಕಳೆದುಹೋಗುತ್ತದೆ. ಫೋನ್ ಜಾಣತನದಿಂದ ಮೊಬೈಲ್ ಡೇಟಾವನ್ನೇ ಡೀಫಾಲ್ಟ್ ಆಗಿ ಇಟ್ಟುಕೊಳ್ಳುತ್ತದೆ. ಆ್ಯಪ್ 192.168.4.1ಕ್ಕೆ ವಿನಂತಿ ಕಳಿಸಿದರೆ ಅದು ಜಿಯೋ ಅಥವಾ ಏರ್‌ಟೆಲ್ ನೆಟ್‌ವರ್ಕ್ ಕಡೆ ಹೋಗುತ್ತದೆ. ಅಲ್ಲಿ ಆ ವಿಳಾಸದಲ್ಲಿ ಯಾರೂ ಇಲ್ಲ. ಮೂವತ್ತು ಸೆಕೆಂಡ್ ಸುತ್ತಿ ‘ಡಿವೈಸ್ ಸಿಗಲಿಲ್ಲ’. ಡಿವೈಸ್ ಎರಡು ಅಡಿ ದೂರದಲ್ಲೇ ಮಿನುಗುತ್ತಾ ಇದೆ.

ಮೊಬೈಲ್ ಡೇಟಾ ಆಫ್ ಮಾಡಿದರೆ ಯಾಕೆ ಸರಿಹೋಗುತ್ತದೆ ಅಂತ ಈಗ ಗೊತ್ತಾಯಿತಲ್ವಾ. ಬೇರೆ ದಾರಿಯೇ ಇಲ್ಲದಂತೆ ಮಾಡಿದಾಗ ಫೋನ್ ಇದ್ದ ಒಂದನ್ನೇ ಹಿಡಿಯುತ್ತದೆ. ಆದರೆ ಅದರಿಂದ ಇನ್ನೊಂದು ತೊಂದರೆ. ಈ ಆ್ಯಪ್ ಡಾಂಗಲ್ ಜೊತೆ ಮಾತಾಡುತ್ತಲೇ ಕಂಪನಿಯ ಕ್ಲೌಡ್ ಸರ್ವರ್‌ನಲ್ಲಿ ಡಿವೈಸನ್ನು ನೋಂದಣಿ ಮಾಡಿಸಬೇಕು, ಲಾಗಿನ್ ಟೋಕನ್ ಹೊಸದು ತರಬೇಕು. ಡಾಂಗಲ್‌ಗೆ ವೈಫೈ ಬೇಕು, ಕ್ಲೌಡ್‌ಗೆ ಸಿಮ್ ಬೇಕು, ಎರಡೂ ಒಂದೇ ಹೊತ್ತಿಗೆ. ಡೇಟಾ ಆಫ್ ಮಾಡಿಸಿದರೆ ಒಂದು ಕಾಲು ಕಟ್ಟಿದಂತೆಯೇ.

ಸರಿಯಾದ ವಿಧಾನ ಕಷ್ಟದ್ದೇನಲ್ಲ. ಆಂಡ್ರಾಯ್ಡ್ 10ರಿಂದ ವೈಫೈ ನೆಟ್‌ವರ್ಕ್ ಸ್ಪೆಸಿಫೈಯರ್ ಎಂಬುದಿದೆ. ಇಂಥ ಹೆಸರಿನ ಹಾಟ್‌ಸ್ಪಾಟ್ ಬೇಕು ಅಂತ ಆ್ಯಪ್ ಕೇಳಿದರೆ ಸಿಸ್ಟಂ ಬಳಕೆದಾರರ ಒಪ್ಪಿಗೆ ಪಡೆದು ಕನೆಕ್ಟ್ ಮಾಡಿಸಿ, ಆ ಆ್ಯಪ್‌ಗೆ ಮಾತ್ರ ಒಂದು ‘ನೆಟ್‌ವರ್ಕ್’ ಆಬ್ಜೆಕ್ಟ್, ಅಂದರೆ ಕೋಡ್‌ನಲ್ಲಿ ಆ ದಾರಿಯನ್ನು ಹಿಡಿಯಲು ಒಂದು ಹಿಡಿಕೆ, ಕೊಡುತ್ತದೆ. ಕೇಳುವಾಗ ‘ಇಂಟರ್ನೆಟ್ ಬೇಕು’ ಎಂಬ ಷರತ್ತು ಇರಬಾರದು. ಇದ್ದರೆ ವಿನಂತಿ ಈಡೇರುವುದಿಲ್ಲ. ನೆಟ್‌ವರ್ಕ್ ಆಬ್ಜೆಕ್ಟ್ ಕೈಗೆ ಬಂದಮೇಲೆ ಡಾಂಗಲ್ ಜೊತೆ ಮಾತಾಡುವ ಸಾಕೆಟ್‌ಗಳನ್ನು (ಆ್ಯಪ್ ತೆರೆಯುವ ಒಂದೊಂದು ಸಂಪರ್ಕದ ತುದಿ) ಮಾತ್ರ ಅದಕ್ಕೆ ಕಟ್ಟಬೇಕು. ನೆಟ್ ವಿನಂತಿಗಳಿಗೆ ಓಕೆಎಚ್‌ಟಿಟಿಪಿ ಎಂಬ ಸಿದ್ಧ ಕೋಡ್ ಬಳಸುವವರು ಡಾಂಗಲ್‌ಗೆಂದೇ ಬೇರೆ ಕ್ಲೈಂಟ್ (ವಿನಂತಿ ಕಳಿಸುವ ಭಾಗ) ಮಾಡಿ, ಅದರ ಸಾಕೆಟ್ ಫ್ಯಾಕ್ಟರಿಯನ್ನು (ಸಾಕೆಟ್ ಮಾಡಿಕೊಡುವ ಭಾಗ) ಈ ನೆಟ್‌ವರ್ಕ್‌ನಿಂದ ಕೊಟ್ಟರೆ ಆಯಿತು. ಕ್ಲೌಡ್ ಕೆಲಸಗಳು ಹಳೆಯ ಕ್ಲೈಂಟ್‌ನಲ್ಲೇ, ಸಿಮ್ ಮೂಲಕವೇ ಹೋಗುತ್ತಿರಲಿ.

ಸರ್ವರ್ ಹೆಸರನ್ನು ಐಪಿ ವಿಳಾಸಕ್ಕೆ ತಿರುಗಿಸುವ ಡಿಎನ್‌ಎಸ್ ಬಗ್ಗೆಯೂ ಒಂದು ಮಾತು, ಏಕೆಂದರೆ ಅನುಭವ ಇರುವವರೂ ಎಡವುವುದು ಇಲ್ಲೇ. ಆಂಡ್ರಾಯ್ಡ್‌ನಲ್ಲಿ ಪ್ರತಿ ನೆಟ್‌ವರ್ಕ್‌ಗೂ ತನ್ನದೇ ರೂಟಿಂಗ್ ಟೇಬಲ್ (ಯಾವ ವಿಳಾಸಕ್ಕೆ ಯಾವ ದಾರಿ ಎಂಬ ಪಟ್ಟಿ), ತನ್ನದೇ ಡಿಎನ್‌ಎಸ್ ಇರುತ್ತದೆ. ಸಾಕೆಟ್ ಅನ್ನು ಒಂದು ನೆಟ್‌ವರ್ಕ್‌ಗೆ ಕಟ್ಟಿ, ಹೆಸರು ಹುಡುಕೋದನ್ನು ಮಾತ್ರ ಡೀಫಾಲ್ಟ್‌ಗೆ ಬಿಟ್ಟರೆ, ವಿಳಾಸ ಒಂದು ನೆಟ್‌ವರ್ಕ್‌ನಿಂದ ಬಂದು ಕನೆಕ್ಷನ್ ಇನ್ನೊಂದರಲ್ಲಿ ಹೋಗುತ್ತದೆ. ಡಾಂಗಲ್‌ಗೆ ನೇರ ಐಪಿ ಬಳಸುವುದರಿಂದ ಇದು ಗೊತ್ತಾಗದೇ ಇರಬಹುದು. ಮುಂದೆ ಮೊಬೈಲ್ ನೆಟ್‌ವರ್ಕ್‌ಗೆ ಕಟ್ಟುವ ಕಥೆ ಬರುತ್ತದಲ್ಲ, ಅಲ್ಲಿ ಖಂಡಿತ ಕಾಡುತ್ತದೆ.

ಇಷ್ಟೆಲ್ಲ ಯಾಕೆ, ಒಂದೇ ಸಾಲಿನಲ್ಲಿ ಮುಗಿಸೋಣ ಅಂತ ಬಹಳ ಜನ ಹಿಡಿಯುವ ಅಡ್ಡದಾರಿ ‘ಬೈಂಡ್ ಪ್ರೋಸೆಸ್ ಟು ನೆಟ್‌ವರ್ಕ್’. ಇಡೀ ಆ್ಯಪನ್ನೇ ಒಂದು ನೆಟ್‌ವರ್ಕ್‌ಗೆ ಕಟ್ಟಿಬಿಡುವುದು. ಆ್ಯಪ್ ಕಟ್ಟಲು ಬಳಸುವ ಗೂಗಲ್‌ನ ಫ್ಲಟರ್‌ನಲ್ಲಿ ವೈಫೈ ಐಒಟಿ ಪ್ಲಗಿನ್ ಬಳಸಿದವರಿಗೆ ‘ಫೋರ್ಸ್ ವೈಫೈ ಯೂಸೇಜ್’ ಅಂತ ಇದೇ ಸೌಲಭ್ಯ ಸಿಕ್ಕಿರುತ್ತದೆ. ಕೆಲಸವೇನೋ ಆಗುತ್ತದೆ. ಆದರೆ ಆಗ ಕ್ರ್ಯಾಶ್ ರಿಪೋರ್ಟ್, ಅನಲಿಟಿಕ್ಸ್, ಲಾಗಿನ್, ಚಿತ್ರಗಳ ಲೋಡಿಂಗ್ ಎಲ್ಲವೂ ಇಂಟರ್ನೆಟ್ ಇಲ್ಲದ ಆ ಡಾಂಗಲ್ ಕಡೆಗೇ ಹೋಗುತ್ತವೆ. ಒಬ್ಬ ಪ್ರಯಾಣಿಕನಿಗಾಗಿ ಇಡೀ ಬಸ್ಸನ್ನು ಅವನ ತೋಟದ ರಸ್ತೆಗೆ ತಿರುಗಿಸಿದ ಹಾಗೆ. ಡಾಂಗಲ್ ರೀಸ್ಟಾರ್ಟ್ ಆಗಿ ಹಾಟ್‌ಸ್ಪಾಟ್ ಮಾಯವಾದ ಮೇಲೂ ಆ ಕಟ್ಟು ಹಾಗೇ ಇರುತ್ತದೆ. ಕೋಡ್‌ನಲ್ಲಿ ಅದನ್ನು ಬಿಚ್ಚುವವರೆಗೆ ಆ್ಯಪ್‌ನ ಒಂದೂ ವಿನಂತಿ ಹೊರಗೆ ಹೋಗುವುದಿಲ್ಲ, ಯಾವ ಹೆಸರೂ ಐಪಿಗೆ ತಿರುಗುವುದಿಲ್ಲ. ‘ಆ್ಯಪ್ ಮುಚ್ಚಿ ಮತ್ತೆ ತೆರೆಯಿರಿ’ ಎಂಬ ಚೀಟಿಯ ಇನ್ನೊಂದು ಸಾಲಿಗೆ ಕಾರಣ ಇದೇ ಇರುತ್ತದೆ, ಬಹಳ ಸಲ.

ಇದೆಲ್ಲ ಸರಿಯಾದರೂ ಆಂಡ್ರಾಯ್ಡ್ 9ರಿಂದ ಈಚೆಗೆ ಎನ್‌ಕ್ರಿಪ್ಟ್ ಆಗದ ಎಚ್‌ಟಿಟಿಪಿಯನ್ನು ಸಿಸ್ಟಂ ಡೀಫಾಲ್ಟ್ ಆಗಿ ತಡೆಯುತ್ತದೆ ಎಂಬುದು ನೆನಪಿರಲಿ. ಎನ್‌ಕ್ರಿಪ್ಟ್ ಮಾಡಲು ಬೇಕಾದ ಸರ್ಟಿಫಿಕೇಟ್ ಡಾಂಗಲ್‌ನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಆ ಒಂದು ವಿಳಾಸಕ್ಕೆ ಮಾತ್ರ ವಿನಾಯಿತಿ ಬರೆಯಿರಿ, ಇಡೀ ಆ್ಯಪ್‌ಗೆ ಬಾಗಿಲು ತೆರೆಯಬೇಡಿ. ಐಫೋನಿನಲ್ಲಿ ಐಒಎಸ್ 11ರಿಂದ ಹಾಟ್‌ಸ್ಪಾಟ್ ಕಾನ್ಫಿಗರೇಶನ್ ಸೌಲಭ್ಯದಿಂದ ಡಾಂಗಲ್‌ಗೆ ಸೇರಬಹುದು, ಐಒಎಸ್ 14ರಿಂದ ಲೋಕಲ್ ನೆಟ್‌ವರ್ಕ್ ಅನುಮತಿಯೂ ಬೇಕು. ಬಳಕೆದಾರರು ಆ ಅನುಮತಿಗೆ ‘ಬೇಡ’ ಅಂದುಬಿಟ್ಟಿದ್ದರೆ ಉಳಿದದ್ದೇನು ಮಾಡಿದರೂ ಡಿವೈಸ್ ಸಿಗುವುದಿಲ್ಲ.

ಇದರ ಉಲ್ಟಾ ಸಂದರ್ಭವೂ ಇದೆ, ಅದು ಈಗ ಜಾಸ್ತಿ ಚರ್ಚೆಯಲ್ಲಿದೆ. ವೈಫೈ ಚೆನ್ನಾಗಿದ್ದರೂ ಹಠ ಹಿಡಿದು ಮೊಬೈಲ್ ಡೇಟಾದಲ್ಲೇ ಹೋಗಬೇಕಾದ ಕೆಲಸ. ಒಟಿಪಿ ಇಲ್ಲದೆ ನಂಬರ್ ಖಚಿತಪಡಿಸಿಕೊಳ್ಳುವ ವಿಧಾನ ಗೊತ್ತಿರಬಹುದು. ನಿಮ್ಮ ಫೋನಿಗೆ ಈ ಕ್ಷಣ ಯಾವ ಐಪಿ ಕೊಟ್ಟಿದ್ದೇನೆ, ಅದು ಯಾವ ನಂಬರಿನದು ಎಂಬುದು ಟೆಲಿಕಾಂ ಕಂಪನಿಗೆ ಗೊತ್ತಿರುತ್ತದೆ. ಆ್ಯಪ್ ಒಂದು ವಿನಂತಿಯನ್ನು ಸಿಮ್‌ನ ಡೇಟಾ ಮೂಲಕ ಕಳಿಸಿದರೆ ‘ಹೌದು, ಇದು ಅದೇ ನಂಬರ್’ ಅಂತ ಕಂಪನಿ ಹೇಳುತ್ತದೆ. ಬಳಕೆದಾರರು ಏನೂ ಟೈಪ್ ಮಾಡುವ ಹಾಗಿಲ್ಲ, ವಂಚಕನಿಗೆ ಫೋನಿನಲ್ಲಿ ಓದಿ ಹೇಳಲು ಆರು ಅಂಕೆಗಳೇ ಇರುವುದಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಡಿಜಿಟಲ್ ಪಾವತಿ ದೃಢೀಕರಣದ ನಿಯಮಗಳು 2026ರ ಏಪ್ರಿಲ್ 1ರ ಗಡುವು ಕೊಟ್ಟಿವೆ. ಅವು ಎಸ್‌ಎಂಎಸ್ ಒಟಿಪಿಯನ್ನು ನಿಷೇಧಿಸಿಲ್ಲ, ಬೇರೆ ವಿಧಾನಗಳಿಗೆ ಜಾಗ ಮಾಡಿಕೊಟ್ಟಿವೆ. ಹಾಗಾಗಿ ಇಂಥ ವಿಧಾನಗಳ ಮೇಲೆ ಪಾವತಿ ಆ್ಯಪ್‌ಗಳ ಕಣ್ಣು ಬಿದ್ದಿರುವುದು ಸಹಜ.

ಆದರೆ ಮನೆಯಲ್ಲಿ ಕೂತು ಲಾಗಿನ್ ಆಗುವವರ ಫೋನ್ ವೈಫೈನಲ್ಲಿರುತ್ತದೆ. ವಿನಂತಿ ಫೈಬರ್ ಮೂಲಕ ಹೋದರೆ ಟೆಲಿಕಾಂ ಕಂಪನಿಗೆ ಏನೂ ಕಾಣುವುದಿಲ್ಲ. ಹಾಗಾಗಿ ಆಂಡ್ರಾಯ್ಡ್‌ನಲ್ಲಿ ‘ನನಗೆ ಸೆಲ್ಯುಲಾರ್ ನೆಟ್‌ವರ್ಕ್ ಬೇಕು’ ಅಂತ ವಿನಂತಿ ಹಾಕಿ, ಸಿಕ್ಕಿದ ಮೇಲೆ ಆ ಒಂದೇ ಕರೆಯನ್ನು ಅದಕ್ಕೆ ಕಟ್ಟಿ, ಕೆಲಸ ಮುಗಿದ ಕೂಡಲೇ ವಿನಂತಿ ವಾಪಸ್ ತೆಗೆದುಕೊಳ್ಳಬೇಕು. ವಾಪಸ್ ತೆಗೆಯದಿದ್ದರೆ ವೈಫೈ ಇದ್ದಾಗಲೂ ಮೊಬೈಲ್ ಡೇಟಾ ಸಂಪರ್ಕ ಎಚ್ಚರವಾಗೇ ಇರುತ್ತದೆ, ಬ್ಯಾಟರಿ ತಿನ್ನುತ್ತದೆ. ಇಂಥ ವಿನಂತಿಗಳು ಒಂದು ಆ್ಯಪ್‌ಗೆ 100ರ ಮಿತಿ ದಾಟಿದರೆ ಆ್ಯಪೇ ಕ್ರ್ಯಾಶ್ ಆಗಬಹುದು. ಐಫೋನಿನಲ್ಲಿ ಇನ್ನೊಂದು ತಮಾಷೆ. ನೆಟ್ ವಿನಂತಿ ಕಳಿಸಲು ಡೆವಲಪರ್‌ಗಳೆಲ್ಲ ಬಳಸುವ ಯುಆರ್‌ಎಲ್‌ಸೆಷನ್‌ಗೆ ‘ಸೆಲ್ಯುಲಾರ್ ಬೇಡ’ ಅನ್ನಬಹುದು, ‘ಸೆಲ್ಯುಲಾರ್ ಮಾತ್ರ’ ಅನ್ನಲು ಬರುವುದಿಲ್ಲ. 2018ರಲ್ಲಿ ಬಂದ ನೆಟ್‌ವರ್ಕ್ ಫ್ರೇಮ್‌ವರ್ಕ್‌ಗೆ ಇಳಿದು, ಇಂಟರ್‌ಫೇಸ್ ಇಂಥದ್ದೇ ಇರಲಿ ಅಂತ ಹೇಳಿ, ಎಚ್‌ಟಿಟಿಪಿಯನ್ನು ಕೈಯಾರೆ ಬರೆಯಬೇಕು.

ನಮ್ಮಲ್ಲಿ ಇದಕ್ಕಿಂತ ದೊಡ್ಡ ತೊಡಕು ಎರಡು ಸಿಮ್. ಬ್ಯಾಂಕಿಗೆ ಕೊಟ್ಟ ನಂಬರ್ ಹತ್ತು ವರ್ಷದ ಹಳೆಯ ಸಿಮ್‌ನದು, ಡೇಟಾ ಪ್ಯಾಕ್ ಇರುವುದು ಎರಡನೆಯ ಸಿಮ್‌ನಲ್ಲಿ. ನಮ್ಮ ಕಡೆ ಇದು ಮನೆಮನೆ ಕಥೆ. ಸೆಲ್ಯುಲಾರ್ ಬೇಕು ಅಂದಾಗ ಸಿಗೋದು ಡೇಟಾಗೆ ಆರಿಸಿದ ಸಿಮ್. ಅಲ್ಲಿಂದ ಹೋದ ವಿನಂತಿಗೆ ಬರುವ ಉತ್ತರ ‘ಇದು ಆ ನಂಬರ್ ಅಲ್ಲ’. ಬಳಕೆದಾರರು ಸತ್ಯವಂತರೇ, ಫೋನೂ ಅವರದೇ, ಆದರೂ ಫೇಲ್. ಯುಪಿಐ ಆ್ಯಪ್‌ಗಳು ನೋಂದಣಿಗೆ ಫೋನಿನಿಂದಲೇ ಎಸ್‌ಎಂಎಸ್ ಹೊರಡಿಸುವ ವಿಧಾನ ಹಿಡಿದಿವೆಯಲ್ಲ, ಅದಕ್ಕೆ ಈ ತಲೆನೋವು ಇಲ್ಲ. ಯಾವ ಸಿಮ್‌ನಿಂದ ಕಳಿಸಲಿ ಅಂತ ಕೇಳಿಯೇ ಕಳಿಸುತ್ತವೆ, ಡೇಟಾ ಯಾವುದರಲ್ಲಿದ್ದರೇನು. ಒಟಿಪಿ ಇಲ್ಲದ ಲಾಗಿನ್ ಹಾಕುವವರು ಹಳೆಯ ದಾರಿಯನ್ನೂ ಪಕ್ಕದಲ್ಲಿ ಇಟ್ಟಿರಲೇಬೇಕು, ಅದೂ ಐದಾರು ಸೆಕೆಂಡಿನೊಳಗೆ ತಾನಾಗಿ ಬದಲಾಗುವಂತೆ.

ವಿಪಿಎನ್ ಕೂಡ ಇಲ್ಲಿ ಅಡ್ಡ ಬರುತ್ತದೆ. ಆಫೀಸಿನ ವಿಪಿಎನ್ ಬೈಪಾಸ್‌ಗೆ ಅವಕಾಶ ಕೊಡದಿದ್ದರೆ ಸಾಕೆಟ್ ಕಟ್ಟುವ ಪ್ರಯತ್ನವನ್ನೇ ಸಿಸ್ಟಂ ತಡೆಯುತ್ತದೆ. ಅದು ಸರಿಯೂ ಹೌದು.

ಇಲ್ಲಿಗೆ ದಾರಿ ಆರಿಸಲೇಬೇಕಾದವರ ಕಥೆ ಆಯಿತು. ಉಳಿದವರ ಕಥೆ ನೋಡಿ. ಸುದ್ದಿ ಆ್ಯಪೋ, ಕಿರಾಣಿ ಆ್ಯಪೋ ತೆರೆದಿದ್ದೀರಿ. ಮನೆಯಿಂದ ಗೇಟಿನವರೆಗೆ ಬಂದಿರಿ, ವೈಫೈ ಬಿಟ್ಟುಹೋಯಿತು, 5ಜಿ ಹಿಡಿಯಿತು. ಪರದೆಯ ಕೆಳಗೆ ಕೆಂಪು ಪಟ್ಟಿ: ಇಂಟರ್ನೆಟ್ ಇಲ್ಲ. ಅದರ ಹಿಂದೆಯೇ ಹೊಸ ಸುದ್ದಿಗಳು ಲೋಡ್ ಆಗುತ್ತಲೇ ಇವೆ! ಈ ಬಗ್ ಎಷ್ಟು ಆ್ಯಪ್‌ಗಳಲ್ಲಿದೆ ಅಂದರೆ ಜನ ಆ ಪಟ್ಟಿಯನ್ನು ನೋಡುವುದನ್ನೇ ಬಿಟ್ಟಿದ್ದಾರೆ.

ಕಾರಣ ಸರಳ. ಡೆವಲಪರ್ ‘ಇಂಟರ್ನೆಟ್ ಕೊಡಬಲ್ಲ ನೆಟ್‌ವರ್ಕ್‌ಗಳ ಬಗ್ಗೆ ತಿಳಿಸು’ ಅಂತ ಕಾಲ್‌ಬ್ಯಾಕ್, ಅಂದರೆ ಏನಾದರೂ ಬದಲಾದಾಗ ಸಿಸ್ಟಂ ಕರೆಯುವ ಕೋಡ್, ಹಾಕಿರುತ್ತಾರೆ. ನೆಟ್‌ವರ್ಕ್ ಬಂತು ಅಂದರೆ ಒಂದು ಬೂಲಿಯನ್ (ನಿಜ ಅಥವಾ ಸುಳ್ಳು ಅಂತಷ್ಟೇ ಹಿಡಿದಿಡುವ ಡಬ್ಬಿ) ನಿಜ, ಹೋಯಿತು ಅಂದರೆ ಸುಳ್ಳು. ಗೇಟಿನ ಬಳಿ ನಡೆಯೋದು ಹೀಗೆ: ಮೊದಲು ಮೊಬೈಲ್ ನೆಟ್‌ವರ್ಕ್ ಬಂತು, ಬೂಲಿಯನ್ ನಿಜ. ಆಮೇಲೆ ವೈಫೈ ಹೋಯಿತು, ಬೂಲಿಯನ್ ಸುಳ್ಳು. ಎರಡು ಬೇರೆ ನೆಟ್‌ವರ್ಕ್‌ಗಳ ಸುದ್ದಿಯನ್ನು ಒಂದೇ ಡಬ್ಬಿಗೆ ಹಾಕಿದ ಫಲ. ಆಂಡ್ರಾಯ್ಡ್ 7ರಿಂದ ‘ಡೀಫಾಲ್ಟ್ ನೆಟ್‌ವರ್ಕ್ ಕಾಲ್‌ಬ್ಯಾಕ್’ ಅಂತ ಬೇರೆಯೇ ಇದೆ, ಈಗ ನನಗಾಗಿ ಬಳಸುತ್ತಿರುವ ನೆಟ್‌ವರ್ಕ್ ಯಾವುದು ಎಂಬುದನ್ನಷ್ಟೇ ಅದು ಹೇಳುತ್ತದೆ. ಕೆಂಪು ಪಟ್ಟಿಗೆ ಬೇಕಾದ್ದು ಅದೊಂದೇ. ಅದರಲ್ಲೂ ‘ವ್ಯಾಲಿಡೇಟೆಡ್’ ಮುದ್ರೆ ಇದೆಯಾ ನೋಡಬೇಕು, ಬರೀ ‘ಇಂಟರ್ನೆಟ್’ ಎಂಬ ಗುಣ ಸಾಲದು, ಏಕೆಂದರೆ ಅದು ಈ ನೆಟ್‌ವರ್ಕ್ ಇಂಟರ್ನೆಟ್ ಕೊಡಲೆಂದು ಇದೆ ಎಂಬ ಉದ್ದೇಶವನ್ನು ಮಾತ್ರ ಹೇಳುತ್ತದೆ.

ಇನ್ನು ಕೆಲವು ಆ್ಯಪ್‌ಗಳು ವಿನಂತಿ ಕಳಿಸುವ ಮೊದಲೇ ನೆಟ್ ಇದೆಯಾ ಪರೀಕ್ಷಿಸಿ, ಇಲ್ಲ ಅಂತ ಅನ್ನಿಸಿದರೆ ಪ್ರಯತ್ನವನ್ನೇ ಮಾಡುವುದಿಲ್ಲ. ಇದು ನನಗೆ ಅರ್ಥವೇ ಆಗದ ಅಭ್ಯಾಸ. ನೋಡಿದ ಕ್ಷಣಕ್ಕೂ ಕಳಿಸಿದ ಕ್ಷಣಕ್ಕೂ ನಡುವೆ ಪರಿಸ್ಥಿತಿ ಬದಲಾಗಿರಬಹುದು. ಆ್ಯಪಲ್ 2018ರ ತನ್ನ ಡೆವಲಪರ್ ಸಮ್ಮೇಳನದಲ್ಲೇ ಈ ಹಳೆಯ ರೀಚಬಿಲಿಟಿ ಪರೀಕ್ಷೆ ಬಿಡಿ ಅಂತ ಹೇಳಿತ್ತು. ಸುಮ್ನೆ ಕಳಿಸಿ. ಆಗದಿದ್ದರೆ ಆಗ ಹೇಳಿ. ಫ್ಲಟರ್‌ನ ಕನೆಕ್ಟಿವಿಟಿ ಪ್ಲಸ್ ಪ್ಯಾಕೇಜಿನ ವಿವರಣೆಯಲ್ಲೂ ಇದರ ಉತ್ತರ ನೋಡಿ ಇಂಟರ್ನೆಟ್ ಇದೆ ಅಂತ ನಂಬಬೇಡಿ ಅಂತ ಬರೆದಿದೆ. ಓದುವವರು ಕಡಿಮೆ, ಅಷ್ಟೆ.

ಈ ವಿಷಯದಲ್ಲಿ ಭಾರತಕ್ಕೆ ಸ್ವಲ್ಪವೂ ಒಗ್ಗದ ಒಂದು ನಂಬಿಕೆ ಇದೆ. ವೈಫೈ ಅಂದರೆ ವೇಗ ಮತ್ತು ಪುಕ್ಕಟೆ, ಮೊಬೈಲ್ ಡೇಟಾ ಅಂದರೆ ನಿಧಾನ ಮತ್ತು ದುಬಾರಿ. ಅಮೆರಿಕದಲ್ಲಿ ಒಂದು ಕಾಲಕ್ಕೆ ಅದು ನಿಜ ಇತ್ತು. ಐಒಎಸ್ 9ರಲ್ಲಿ ಆ್ಯಪಲ್ ವೈಫೈ ಅಸಿಸ್ಟ್ ತಂದಾಗ, ಅಂದರೆ ವೈಫೈ ಸೋತಾಗ ತಾನಾಗಿ ಮೊಬೈಲ್ ಡೇಟಾಗೆ ಹೋಗುವ ಸೌಲಭ್ಯ ಕೊಟ್ಟಾಗ, ಬಿಲ್ ಜಾಸ್ತಿ ಬಂತು ಅಂತ 2015ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮೊಕದ್ದಮೆಯೇ ಹೂಡಿದ್ದರು. ನಮ್ಮಲ್ಲಿ 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದಮೇಲೆ ಲೆಕ್ಕವೇ ಬೇರೆ. ಊರಿನಲ್ಲಿ ಲ್ಯಾಪ್‌ಟಾಪ್, ಟಿವಿ, ಮಗನ ಟ್ಯಾಬ್ ಎಲ್ಲ ಓಡುವುದು ಅಪ್ಪನ ಫೋನಿನ ಹಾಟ್‌ಸ್ಪಾಟ್‌ನಲ್ಲಿ. ಟ್ಯಾಬ್‌ಗೆ ಅದು ವೈಫೈ. ‘ವೈಫೈ ಇದ್ದರೆ ಮಾತ್ರ ಡೌನ್‌ಲೋಡ್’ ಅಂತ ಟಿಕ್ ಮಾಡಿದ ಆ್ಯಪ್ ಖುಷಿಯಿಂದ ಅಪ್ಪನ ದಿನದ 2 ಜಿಬಿಯನ್ನು ಬೆಳಗ್ಗೆ ತಿಂಡಿ ಹೊತ್ತಿಗೇ ನುಂಗಿ ಹಾಕುತ್ತದೆ.

ದಿನದ ಪಾಲು ಮುಗಿದಮೇಲೆ ಹೆಚ್ಚಿನ ಪ್ಲಾನ್‌ಗಳಲ್ಲಿ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಅಂದರೆ ಸೆಕೆಂಡಿಗೆ 8 ಕಿಲೋಬೈಟ್. 1 ಎಂಬಿಯ ಒಂದು ಚಿತ್ರಕ್ಕೆ ಎರಡು ನಿಮಿಷ. ಈ ಸ್ಥಿತಿಯಲ್ಲೂ 204 ಪರೀಕ್ಷೆ ಪಾಸಾಗುತ್ತದೆ, ಖಾಲಿ ಪುಟಕ್ಕೆ ಎಷ್ಟು ಬೇಕು ಹೇಳಿ. ಪರದೆಯ ಮೇಲೆ 4ಜಿ ಅಂತ ಇರುತ್ತದೆ, ಸಿಸ್ಟಂ ಪ್ರಕಾರ ಎಲ್ಲ ಸರಿ ಇದೆ, ಹತ್ತು ಸೆಕೆಂಡಿನ ಟೈಮ್‌ಔಟ್ ಇಟ್ಟ ಆ್ಯಪ್ ಮಾತ್ರ ಅರ್ಧ ತರಿಸಿಕೊಂಡು ಬಿಟ್ಟು, ಮತ್ತೆ ಮೊದಲಿನಿಂದ ಕೇಳಿ, ಮತ್ತೆ ಬಿಟ್ಟು, ಇರುವ 8 ಕಿಲೋಬೈಟನ್ನೂ ದಂಡ ಮಾಡುತ್ತಿರುತ್ತದೆ. ವೇಗ ತಿಳಿಯಲು ನೆಟ್‌ವರ್ಕ್‌ನ ಹೆಸರು ನೋಡಬೇಡಿ, ಸಿಸ್ಟಂ ಕೊಡುವ ಬ್ಯಾಂಡ್‌ವಿಡ್ತ್ ಅಂದಾಜನ್ನೂ ಪೂರ್ತಿ ನಂಬಬೇಡಿ. ನಿಮ್ಮದೇ ಹಿಂದಿನ ಕೆಲವು ಡೌನ್‌ಲೋಡ್‌ಗಳಿಗೆ ಎಷ್ಟು ಹೊತ್ತು ಹಿಡಿಯಿತು ಅಂತ ಅಳೆದು, ಅದಕ್ಕೆ ತಕ್ಕ ಚಿತ್ರ ಕೇಳಿ.

ದುಡ್ಡಿನ ಪ್ರಶ್ನೆಗೆ ಬೇರೆ ಗುಣ ಇದೆ. ಆಂಡ್ರಾಯ್ಡ್‌ನಲ್ಲಿ ‘ನಾಟ್ ಮೀಟರ್ಡ್’ (ಬಳಸಿದಷ್ಟೂ ಲೆಕ್ಕ ಹಿಡಿಯುವ ನೆಟ್‌ವರ್ಕ್ ಅಲ್ಲ), ಐಒಎಸ್‌ನಲ್ಲಿ ‘ಎಕ್ಸ್‌ಪೆನ್ಸಿವ್’, ಜೊತೆಗೆ ಐಒಎಸ್ 13ರಿಂದ ಲೋ ಡೇಟಾ ಮೋಡ್‌ಗೆ ‘ಕನ್‌ಸ್ಟ್ರೇನ್ಡ್’. ಒಂದು ಆಂಡ್ರಾಯ್ಡ್ ಫೋನ್ ಹಾಟ್‌ಸ್ಪಾಟ್ ತೆರೆದಾಗ, ಸೇರಿದ ಇನ್ನೊಂದು ಆಂಡ್ರಾಯ್ಡ್‌ಗೆ ಐಪಿ ಕೊಡುವಾಗಲೇ ‘ಇದು ಮೀಟರ್ ಓಡುವ ನೆಟ್‌ವರ್ಕ್’ ಅಂತ ಗುಟ್ಟಾಗಿ ಒಂದು ಸೂಚನೆ ಸೇರಿಸುತ್ತದೆ. ಐಫೋನ್ ಕೂಡ ಇನ್ನೊಂದು ಐಫೋನಿನ ಹಾಟ್‌ಸ್ಪಾಟನ್ನು ದುಬಾರಿ ಅಂತಲೇ ಪರಿಗಣಿಸುತ್ತದೆ. ಅಂದರೆ ಅಪ್ಪನ 2 ಜಿಬಿ ಉಳಿಸಲು ಬೇಕಾದ ಮಾಹಿತಿ ಸಿಸ್ಟಂ ಬಳಿ ಇದೆ. ಆ್ಯಪ್ ‘ವೈಫೈನಾ?’ ಅಂತ ಕೇಳಿದರೆ ‘ಹೌದು’ ಅನ್ನುತ್ತದೆ, ‘ಮೀಟರ್ಡಾ?’ ಅಂತ ಕೇಳಿದರೆ ಅದಕ್ಕೂ ‘ಹೌದು’ ಅನ್ನುತ್ತದೆ. ಎರಡನೆಯದನ್ನು ಕೇಳಿ.

ವೈಫೈ ವೇಗ ಎಂಬ ನಂಬಿಕೆ ಮುರಿದು ಬೀಳಬೇಕಾದರೆ ರೈಲ್ವೆ ನಿಲ್ದಾಣದಲ್ಲಿ ನಿಲ್ಲಬೇಕು. ರೈಲ್‌ಟೆಲ್‌ನ ರೈಲ್‌ವೈರ್ ವೈಫೈ ದೇಶದ ಸಾವಿರಾರು ನಿಲ್ದಾಣಗಳಲ್ಲಿದೆ. ಫೋನ್ ನಂಬರ್ ಕೊಟ್ಟು ಒಟಿಪಿ ಹಾಕಿದರೆ ದಿನಕ್ಕೆ ಮೊದಲ ಅರ್ಧ ಗಂಟೆ ಪುಕ್ಕಟೆ. ಹಿಂದೆ ಎಂದೋ ಸೇರಿದ ಫೋನ್ ನಿಲ್ದಾಣಕ್ಕೆ ಬಂದಕೂಡಲೇ ತಾನಾಗಿ ಸೇರುತ್ತದೆ. ಲಾಗಿನ್ ಆಗದಿದ್ದರೆ ಪರೀಕ್ಷೆ ಫೇಲಾಗಿ ಮೊಬೈಲ್ ಡೇಟಾ ಮುಂದುವರಿಯುತ್ತದೆ, ಸರಿ. ತೊಂದರೆ ಇರುವುದು ಲಾಗಿನ್ ಆದಮೇಲೆ. ಆಗ ಮುದ್ರೆ ಬಿದ್ದಿರುತ್ತದೆ, ಆಮೇಲೆ ಅವಧಿ ಮುಗಿದರೆ ಅದು ಸಿಸ್ಟಂಗೆ ತಕ್ಷಣ ಗೊತ್ತಾಗುವುದಿಲ್ಲ. ಆ ನಡುವಿನ ಹೊತ್ತಿನಲ್ಲಿ ಕ್ಯಾಂಟೀನಿನ ಕ್ಯೂಆರ್ ಮುಂದೆ ಪಾವತಿ ಸುತ್ತುತ್ತಾ ನಿಲ್ಲುತ್ತದೆ. ಇಲ್ಲಿ ಆ್ಯಪ್ ಒಂದು ಸಣ್ಣ ಉಪಕಾರ ಮಾಡಬಹುದು. ‘ಈ ನೆಟ್‌ವರ್ಕ್ ಕೆಲಸ ಮಾಡ್ತಿಲ್ಲ’ ಅಂತ ಆಂಡ್ರಾಯ್ಡ್‌ಗೆ ವರದಿ ಕೊಡಲು ‘ರಿಪೋರ್ಟ್ ನೆಟ್‌ವರ್ಕ್ ಕನೆಕ್ಟಿವಿಟಿ’ ಎಂಬ ಕರೆ ಇದೆ. ಅದರಿಂದ ಸಿಸ್ಟಂ ಮತ್ತೆ ಪರೀಕ್ಷಿಸಿ ಬೇಗ ದಾರಿ ಬದಲಿಸುತ್ತದೆ. ಇಂಟರ್‌ಫೇಸನ್ನು ತಾನೇ ಆರಿಸುವುದಕ್ಕಿಂತ, ಆರಿಸುವವರಿಗೆ ಸರಿಯಾದ ಮಾಹಿತಿ ಕೊಡುವುದು ಎಷ್ಟೋ ವಾಸಿ.

ದಾರಿ ಬದಲಾದಾಗ ಅರ್ಧಕ್ಕೆ ನಿಂತ ವಿನಂತಿಯ ಗತಿ ಏನು? ಇಂಟರ್ನೆಟ್‌ನಲ್ಲಿ ಬಹಳ ಕಾಲದಿಂದ ಬಳಸುವ ಟಿಸಿಪಿ ವಿಧಾನದ ಕನೆಕ್ಷನ್ ಎರಡು ತುದಿಯ ಐಪಿ ಮತ್ತು ಪೋರ್ಟ್‌ಗಳಿಗೆ (ಆ ಐಪಿಯಲ್ಲಿ ಒಂದೊಂದು ಕೆಲಸಕ್ಕೆ ಕೊಟ್ಟ ಸಂಖ್ಯೆ) ಅಂಟಿಕೊಂಡಿರುತ್ತದೆ. ವೈಫೈ ಹೋಗಿ ಸಿಮ್ ಬಂದರೆ ಐಪಿ ಬದಲು, ಹಳೆಯ ಕನೆಕ್ಷನ್ ಸತ್ತಂತೆ. ಆಂಡ್ರಾಯ್ಡ್ ಕ್ರ್ಯಾಶ್ ಲಾಗ್‌ಗಳಲ್ಲಿ ಕಾಣುವ ‘ಸಾಫ್ಟ್‌ವೇರ್ ಕಾಸ್ಡ್ ಕನೆಕ್ಷನ್ ಅಬಾರ್ಟ್’ ಎಂಬ ಗಾಬರಿ ಹುಟ್ಟಿಸುವ ಸಾಲು ಎಷ್ಟೋ ಸಲ ಇದೇ. ಆ್ಯಪಲ್ 2013ರಲ್ಲೇ ಸಿರಿಗಾಗಿ ಮಲ್ಟಿಪಾತ್ ಟಿಸಿಪಿ ತಂದು, ಒಂದೇ ಕನೆಕ್ಷನ್ ಎರಡೂ ಇಂಟರ್‌ಫೇಸ್ ಬಳಸುವಂತೆ ಮಾಡಿತು. ಐಒಎಸ್ 11ರಲ್ಲಿ ಬೇರೆ ಡೆವಲಪರ್‌ಗಳಿಗೂ ಕೊಟ್ಟಿತು. ಆದರೆ ಸರ್ವರ್ ಕಡೆಯಲ್ಲೂ ಬೆಂಬಲ ಬೇಕಾದ್ದರಿಂದ ಬಳಸಿದವರು ಕಡಿಮೆ. 2021ರಲ್ಲಿ ಪ್ರಮಾಣಿತವಾದ ಕ್ವಿಕ್ ಎಂಬ ಹೊಸ ಸಂಪರ್ಕ ವಿಧಾನ ಇದನ್ನು ಬೇರೆ ರೀತಿ ಬಿಡಿಸಿತು. ಕನೆಕ್ಷನ್‌ಗೆ ಐಪಿಯನ್ನು ಅವಲಂಬಿಸದ ಗುರುತಿನ ಸಂಖ್ಯೆ ಇರುತ್ತದೆ, ಐಪಿ ಬದಲಾದರೂ ಅದೇ ಮಾತುಕತೆ ಮುಂದುವರಿಸಬಹುದು.

ಕ್ವಿಕ್ ಇರಲಿ ಬಿಡಲಿ, ಎರಡು ಕೆಲಸ ಮಾಡಲೇಬೇಕು. ಕನೆಕ್ಷನ್ ಕಡಿದಾಗ ಸರ್ವರ್‌ಗೆ ವಿನಂತಿ ತಲುಪಿತೋ ಇಲ್ಲವೋ ಆ್ಯಪ್‌ಗೆ ಗೊತ್ತಿರುವುದಿಲ್ಲ. ಹಾಗಾಗಿ ಟಿಕೆಟ್, ಆರ್ಡರ್, ಪಾವತಿಯಂಥ ವಿನಂತಿಗಳಿಗೆ ಮೊದಲೇ ಒಂದು ಐಡಿ ಕೊಟ್ಟು, ಮತ್ತೆ ಕಳಿಸುವಾಗ ಅದೇ ಐಡಿ ಬಳಸಬೇಕು. ಇಲ್ಲದಿದ್ದರೆ ಗೇಟು ದಾಟಿದ್ದಕ್ಕೆ ಎರಡು ಬಿರಿಯಾನಿ ಬರುತ್ತದೆ. ಇನ್ನೊಂದು, ಐಪಿ ಬದಲಾಯಿತು ಅಂತ ಸೆಷನ್ ರದ್ದು ಮಾಡುವ ಸರ್ವರ್ ಕೋಡ್ ತೆಗೆದುಹಾಕಿ. ಮನೆಯ ವೈಫೈನಲ್ಲಿ ಹಳೆಯ ಬಗೆಯ ವಿಳಾಸ ಐಪಿವಿ4, ಜಿಯೋದಲ್ಲಿ ಹೊಸ ಬಗೆಯ ಐಪಿವಿ6 ಇರೋದು ಇಲ್ಲಿ ಮಾಮೂಲಿ. ಮೆಟ್ರೋದಲ್ಲಿ ಆಫೀಸಿಗೆ ಹೋಗುವಷ್ಟರಲ್ಲಿ ಒಬ್ಬರ ಐಪಿ ಹಲವು ಸಲ ಬದಲಾಗಬಹುದು, ಪ್ರತಿ ಸಲ ಲಾಗ್‌ಔಟ್ ಮಾಡಿದರೆ ಅದಕ್ಕೆ ಭದ್ರತೆ ಅನ್ನಲು ಆಗಲ್ಲ.

ಇವನ್ನೆಲ್ಲ ಪರೀಕ್ಷಿಸೋದು ಹೇಗೆ? ಆಫೀಸಿನ ಒಳ್ಳೆ ವೈಫೈನಲ್ಲಿ, ಎಮ್ಯುಲೇಟರ್ (ಕಂಪ್ಯೂಟರಿನಲ್ಲಿ ಓಡುವ ನಕಲಿ ಫೋನ್) ಮುಂದೆ ಕೂತು ಇವು ಯಾವುವೂ ಸಿಗುವುದಿಲ್ಲ. ಎರಡು ಸಿಮ್ ಹಾಕಿದ ಸಾಧಾರಣ ಆಂಡ್ರಾಯ್ಡ್ ಫೋನ್ ತೆಗೆದುಕೊಳ್ಳಿ. ಹಳೆಯ ರೂಟರ್ ಒಂದರ ಹಿಂದಿನ ಇಂಟರ್ನೆಟ್ ಕೇಬಲ್ ಕಿತ್ತು, ಫೋನನ್ನು ಆ ರೂಟರ್‌ಗೆ ಸೇರಿಸಿ, ಇಂಟರ್ನೆಟ್ ಇಲ್ಲದ ವೈಫೈ ಸಿದ್ಧ. ಡೇಟಾ ಪಾಲು ಮುಗಿದ ಇನ್ನೊಂದು ಫೋನಿನ ಹಾಟ್‌ಸ್ಪಾಟ್‌ಗೆ ಸೇರಿಸಿ ನೋಡಿ. ವಿಪಿಎನ್ ಹಾಕಿ ನೋಡಿ. ದೊಡ್ಡ ಫೈಲ್ ಅಪ್‌ಲೋಡ್‌ಗೆ ಹಾಕಿ ಮೆಟ್ಟಿಲಿಳಿದು ರಸ್ತೆಗೆ ಹೋಗಿ, ಮತ್ತೆ ಹತ್ತಿ ಬನ್ನಿ. ಡೆವಲಪರ್ ಆಯ್ಕೆಗಳಲ್ಲಿ ‘ಮೊಬೈಲ್ ಡೇಟಾ ಯಾವಾಗಲೂ ಆನ್’ ಅಂತ ಒಂದಿದೆ, ಆಂಡ್ರಾಯ್ಡ್ 8ರಿಂದ ಅದು ಡೀಫಾಲ್ಟ್ ಆಗಿ ಆನ್ ಇರುತ್ತದೆ. ಅದನ್ನು ಆಫ್ ಮಾಡಿಯೂ ಒಮ್ಮೆ ಓಡಿಸಿ, ಏಕೆಂದರೆ ಬ್ಯಾಟರಿ ಉಳಿಸಲು ಅದನ್ನು ಆಫ್ ಮಾಡಿ ಅಂತ ಹೇಳುವ ವಿಡಿಯೋ ನೋಡಿದವರು ನಿಮ್ಮ ಬಳಕೆದಾರರಲ್ಲಿ ಇದ್ದೇ ಇರುತ್ತಾರೆ.